ಗುದ್ದಿ ಓಡಿದ ಕಾರಿನ ನಂಬರ್ ಸಿಗದಿದ್ದರೆ ಕೇಸ್ ಕೊಟ್ಟು ಪ್ರಯೋಜನ ಉಂಟಾ?

ನಿನ್ನೆ ರಾತ್ರಿ ಕಟಪಾಡಿ ಹತ್ತಿರ ನಿಮ್ಮ ಅಣ್ಣನ ಸ್ಕೂಟರಿಗೆ ಯಾವುದೋ ಕಾರು ಗುದ್ದಿ ನಿಲ್ಲಿಸದೆ ಮಂಗಳೂರು ಕಡೆಗೆ ಹೋಯಿತು, ಕಾಲಿನ ಮೂಳೆ ಮುರಿದಿದೆ, ನಂಬರ್ ಯಾರೂ ನೋಡಿಲ್ಲ, ಕೇಸ್ ಕೊಟ್ಟು ಪ್ರಯೋಜನ ಉಂಟಾ ಅಂತ ಕೇಳಿದ್ದೀರಿ.

ಉಂಟು. ಆದರೆ ಠಾಣೆಗಿಂತ ಮೊದಲು ಆಸ್ಪತ್ರೆಯಲ್ಲಿ ಒಂದು ವಿಷಯ ವಿಚಾರಿಸಿ. ಕ್ಯಾಶುವಾಲ್ಟಿಗೆ ತಂದಾಗ ಹೇಗಾಯಿತು ಅಂತ ಕೇಳಿ ಒಂದು ಸಾಲು ಬರೆದುಕೊಂಡಿರುತ್ತಾರೆ. ಅದರಲ್ಲಿ ಕಾರು ಡಿಕ್ಕಿ ಹೊಡೆದದ್ದು ಅಂತ ಉಂಟಾ, ಸ್ಕಿಡ್ ಆಗಿ ಬಿದ್ದದ್ದು ಅಂತ ಉಂಟಾ?

ನನ್ನ ಕಥೆ ಕೆಟ್ಟದ್ದು ಆ ಒಂದು ಸಾಲಿನಿಂದ. 2022ರ ಜುಲೈ, ಸಂಜೆ ಏಳರ ಮಳೆ. ಹೆದ್ದಾರಿಯಲ್ಲಿ ಹಿಂದಿನಿಂದ ಬಂದ ಕಾರಿನ ಎಡಗಡೆ ಮಿರರ್ ನನ್ನ ಬಲಗೈಗೆ ಬಡಿಯಿತು. ನಾನು ಎಡಕ್ಕೆ ಮಣ್ಣಿಗೆ ಬಿದ್ದೆ, ಭುಜದೆಲುಬು ಮುರಿಯಿತು. ರಿಕ್ಷಾದವರೊಬ್ಬರು ಎತ್ತಿ ಕೂರಿಸಿಕೊಂಡು ಹೋದರು. ಹೊರಡುವಾಗ ರಸ್ತೆಯಲ್ಲಿ ಬಿದ್ದಿದ್ದ ಮಿರರಿನ ಕಪ್ಪು ಕವರನ್ನು ಹೆಕ್ಕಿ ನನ್ನ ಬ್ಯಾಗಿಗೆ ಹಾಕಿದರು. ಅಷ್ಟು ತಲೆ ನನಗೆ ಓಡಿರಲಿಲ್ಲ. ಆಸ್ಪತ್ರೆಗೆ ಓಡಿ ಬಂದ ಭಾವ, ಪೊಲೀಸ್ ಕಿರಿಕಿರಿ ಬೇಡ ಅಂತ, ಡಾಕ್ಟರರ ಹತ್ತಿರ ಹೇಳಿದ್ದು, "ಮಳೆ ಅಲ್ವಾ, ಸ್ಕಿಡ್ ಆಗಿ ಬಿದ್ದದ್ದು." ಅವರು ಹಾಗೆಯೇ ಬರೆದರು. ನಾನು ನೋವಿನಲ್ಲಿ ಸುಮ್ಮನಿದ್ದೆ.

ಆರನೇ ದಿನ ದೂರು ಕೊಡಲು ಹೋದೆವು. ಅಷ್ಟರಲ್ಲಿ ಆಚೆ ಬದಿಯ ಪೆಟ್ರೋಲ್ ಬಂಕಿನ ಕ್ಯಾಮೆರಾದಲ್ಲಿ ಆ ದಿನದ್ದರ ಮೇಲೆ ಹೊಸದು ರೆಕಾರ್ಡ್ ಆಗಿ ಹೋಗಿತ್ತು. ಪರಿಹಾರದ ಅರ್ಜಿ ಹಾಕಿದಾಗ ಕಾಗದ ನೋಡಿದ ಗುಮಾಸ್ತರು ಕೇಳಿದ್ದು ಒಂದೇ ಪ್ರಶ್ನೆ: "ಇಲ್ಲಿ ಸ್ಕಿಡ್ ಅಂತ ಉಂಟಲ್ಲ, ಕಾರು ಎಲ್ಲಿಂದ ಬಂತು?" ಮೂರು ಸಲ ಹೋಗಿ ಬಂದು ಬಿಟ್ಟುಬಿಟ್ಟೆ. ಭಾವನ ಹತ್ತಿರ ಎರಡು ತಿಂಗಳು ಮಾತಾಡಲಿಲ್ಲ, ಅದು ಬೇರೆ.

ಹಾಗಾಗಿ ತಪ್ಪು ಬರೆದಿದ್ದರೆ ಇವತ್ತೇ ಡ್ಯೂಟಿ ಡಾಕ್ಟರರಿಗೆ ಹೇಳಿ. ಹಳೆಯದನ್ನು ಹೊಡೆದು ತಿದ್ದಿಸಬೇಡಿ, ಅದು ಇನ್ನೂ ಸಂಶಯಕ್ಕೆ ದಾರಿ. ಅಣ್ಣ ತಾನೇ ಹೇಳಿದ್ದನ್ನು ತಾರೀಖು, ಸಮಯ ಹಾಕಿ ಹೊಸದಾಗಿ ಬರೆಸಿ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ಆಸ್ಪತ್ರೆಯ ದಾಖಲೆ, ಮಾಡಿ ಪೊಲೀಸರಿಗೆ ಮಾಹಿತಿ ಕಳಿಸಿದ್ದಾರಾ ಅಂತಲೂ ಕೇಳಿ. ಅಪಘಾತವಾದ ದಿನದಿಂದ ಏಳು ದಿನದವರೆಗೆ 1.5 ಲಕ್ಷ ರೂಪಾಯಿ ತನಕ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿಂದ ಉಂಟು. ಆ ಆಸ್ಪತ್ರೆ ಅದರಲ್ಲಿ ಇದೆಯಾ ಅಂತ ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸಿ.

ಠಾಣೆಯಲ್ಲಿ ನಂಬರ್ ಇಲ್ಲದೆಯೂ ಎಫ್‌ಐಆರ್ ಆಗುತ್ತದೆ, ಆರೋಪಿ ಜಾಗದಲ್ಲಿ ಅಪರಿಚಿತ ಕಾರಿನ ಚಾಲಕ ಅಂತ ಬರೆಯುತ್ತಾರೆ. ಭಾರತೀಯ ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ), 125 (ಜೀವಕ್ಕೆ ಅಪಾಯ ತಂದು ಗಾಯ ಮಾಡಿದ್ದು) ಕಲಮುಗಳ ಜೊತೆಗೆ ಮೋಟಾರು ವಾಹನ ಕಾಯ್ದೆಯ 134 ಮತ್ತು 187 ಹಾಕಿದ್ದಾರಾ ನೋಡಿ. ಗುದ್ದಿ ನಿಲ್ಲಿಸದೆ ಹೋದದ್ದಕ್ಕೆ ಇರುವುದು ಆ ಕೊನೆಯ ಎರಡು. ದೂರು ಕೊಟ್ಟವರಿಗೆ ಎಫ್‌ಐಆರ್ ಪ್ರತಿ ಪುಕ್ಕಟೆ.

ಕ್ಯಾಮೆರಾದ ವಿಷಯ ನಾಳೆಗೆ ಇಡಬೇಡಿ. ಕಾರು ಮಂಗಳೂರು ಕಡೆಗೆ ಹೋದದ್ದಾದರೆ ಪಡುಬಿದ್ರಿಯಲ್ಲಿ ಕಾರ್ಕಳ ರಸ್ತೆಗೆ ತಿರುಗಿರಬೇಕು, ಇಲ್ಲ ಹೆಜಮಾಡಿ ಟೋಲ್ ದಾಟಿರಬೇಕು. ಒಳರಸ್ತೆ ಗೊತ್ತಿರುವ ಊರಿನವನಾದರೆ ಬೇರೆ. ಟೋಲಿನ ದೃಶ್ಯ ಪೊಲೀಸರೇ ಕೇಳಿ ತರಿಸಬೇಕು, ಅದಕ್ಕೆ ನಿಮ್ಮ ದೂರಿನಲ್ಲಿ ಸಮಯ ಸರಿಯಾಗಿ ಇರಲಿ. ಅಂಗಡಿ, ಬಂಕಿನವರ ಹತ್ತಿರ ಮಾತ್ರ ನೀವೇ ಹೋಗಿ, ಅಳಿಸಿ ಹೋಗದಂತೆ ತೆಗೆದಿಡಲು ಹೇಳಿ. ಆ ಜಾಗದಲ್ಲಿ ಇಂಡಿಕೇಟರ್ ಚೂರು, ಬಂಪರಿನ ತುಂಡು ಏನಾದರೂ ಉಂಟಾ ಹುಡುಕಿ. ಇದ್ದರೆ ಇದ್ದಲ್ಲೇ ಫೋಟೋ ತೆಗೆದು ಪೊಲೀಸರನ್ನು ಕರೆಸಿ, ಮಹಜರಿನಲ್ಲಿ, ಅಂದರೆ ಅವರು ಜಾಗ ನೋಡಿ ಬರೆಯುವ ದಾಖಲೆಯಲ್ಲಿ, ಸೇರಲಿ. ನನ್ನ ಮಿರರ್ ಕವರಿನ ಒಳಬದಿಯಲ್ಲಿ ಪಾರ್ಟ್ ನಂಬರ್ ಅಚ್ಚಾಗಿತ್ತು. ಬಿಡಿಭಾಗದ ಅಂಗಡಿಯವರು ಎರಡು ನಿಮಿಷದಲ್ಲಿ ಯಾವ ಮಾಡೆಲ್ ಅಂತ ಹೇಳಿದರು. ಆದರೆ ಆರು ದಿನ ಬ್ಯಾಗಿನಲ್ಲಿ ಇಟ್ಟುಕೊಂಡು ಆಮೇಲೆ ಕೊಟ್ಟದ್ದಕ್ಕೆ ಎಂತ ಬೆಲೆ ಮಾರಾಯ್ರೆ?

ಕಾರು ಸಿಕ್ಕಿದರೆ ವಕೀಲರ ಮೂಲಕ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗುವುದು, ಕಾಯ್ದೆಯಲ್ಲಿ ಅದಕ್ಕೆ ಆರು ತಿಂಗಳ ಗಡುವು ಉಂಟು. ಸಿಗದಿದ್ದರೆ ಪೊಲೀಸರು ಕೊನೆಗೆ 'ಸಿ' ರಿಪೋರ್ಟ್ ಹಾಕುತ್ತಾರೆ, ಪತ್ತೆಯಾಗಲಿಲ್ಲ ಅಂತ. ಆಗಲೂ ಕಾಯ್ದೆಯ 161ನೇ ಕಲಮಿನಲ್ಲಿ ತೀವ್ರ ಗಾಯಕ್ಕೆ 50,000, ಸಾವಾದರೆ 2 ಲಕ್ಷ ಬರುತ್ತದೆ. 2022ರ ಏಪ್ರಿಲ್ ತನಕ ಇದು 12,500 ಮತ್ತು 25,000 ಇತ್ತು. ಮೂಳೆ ಮುರಿದರೆ ಕಾನೂನಿನ ಲೆಕ್ಕದಲ್ಲಿ ತೀವ್ರ ಗಾಯವೇ, ನಿಮ್ಮ ಅಣ್ಣನಿಗೆ ಅನ್ವಯಿಸುತ್ತದೆ. ತಹಶೀಲ್ದಾರರ ಕಚೇರಿಯಲ್ಲಿ ವಿಚಾರಿಸಿ ಅರ್ಜಿ ಹಾಕಿ. ಮುಂದೆ ಕಾರು ಸಿಕ್ಕಿ ಬೇರೆ ಪರಿಹಾರ ಬಂದರೆ ಈ ಹಣ ಅದರಲ್ಲಿ ಕಳೆಯುತ್ತಾರೆ.

ಎತ್ತಿಕೊಂಡು ಹೋದವರು ಯಾರಾದರೂ ಇದ್ದರೆ ಅವರ ನಂಬರ್ ಇಟ್ಟುಕೊಳ್ಳಿ. ಸಹಾಯ ಮಾಡಿದವರನ್ನು ಬಲವಂತವಾಗಿ ಸಾಕ್ಷಿ ಮಾಡುವ ಹಾಗಿಲ್ಲ, 134ಎ ಕಲಮು ಅವರ ರಕ್ಷಣೆಗೇ ಇರುವುದು. ಹಾಗೆ ಹೇಳಿದರೆ ಅವರಾಗಿಯೇ ಬರಬಹುದು.

ಸ್ಕೂಟರನ್ನು ಮಾತ್ರ ಈಗಲೇ ಗ್ಯಾರೇಜಿಗೆ ಕೊಡಬೇಡಿ. ಪೊಲೀಸರು ನೋಡಬೇಕು, ಫುಲ್ ಇನ್ಶೂರೆನ್ಸ್ ಇದ್ದರೆ ಸರ್ವೇಯರ್ ನೋಡಬೇಕು. ಬರೀ ಥರ್ಡ್ ಪಾರ್ಟಿ ಆದರೆ ರಿಪೇರಿ ಖರ್ಚು ನಿಮ್ಮದೇ.