ರೋಬೋ ಕಿಟ್ ಕೊಳ್ಳುವ ಮೊದಲು ನಿಯಮದ ಪುಸ್ತಕ ಓದಿ

ಪ್ರಶ್ನೆ: 10ರಿಂದ 13 ವರ್ಷದ ಎಂಟು ಮಕ್ಕಳನ್ನು ಸೇರಿಸಿ ರೋಬೋಟಿಕ್ಸ್ ತಂಡ ಕಟ್ಟುತ್ತಿದ್ದೇವೆ. ಸ್ಪರ್ಧೆಗೂ ಹೋಗುವ ಆಸೆ ಇದೆ. ಲೆಗೊ, ವೆಕ್ಸ್, ಆರ್ಡುಯಿನೊ ಅಂತ ಒಬ್ಬೊಬ್ಬರು ಒಂದೊಂದು ಕಿಟ್ ಹೇಳುತ್ತಾರೆ. ಪರಿಚಯದವರೊಬ್ಬರು ತಮ್ಮ ಹಳೆಯ ಇವಿ3 (ಲೆಗೊದ ಹಿಂದಿನ ರೋಬೋ) ಕಿಟ್ ಕೊಡುತ್ತೇನೆ ಅಂದಿದ್ದಾರೆ. ಏನು ಮಾಡಲಿ?

ಉತ್ತರ: ಯಾವ ಸ್ಪರ್ಧೆ ಅನ್ನೋದನ್ನು ಮೊದಲು ಗೊತ್ತು ಮಾಡಿಕೊಂಡು ಅದರ ನಿಯಮದ ಪುಸ್ತಕ ಓದಿ. ಕಿಟ್ ಯಾವುದು ಅನ್ನೋದು ಅರ್ಧ ಅಲ್ಲೇ ತೀರ್ಮಾನವಾಗುತ್ತದೆ. ಫಸ್ಟ್ ಲೆಗೊ ಲೀಗ್ ಚಾಲೆಂಜ್‌ನಲ್ಲಿ ರೋಬೋ ಲೆಗೊ ಬಿಡಿಭಾಗಗಳಿಂದಲೇ ಆಗಬೇಕು. ಎರಡೂವರೆ ನಿಮಿಷದ ಆಟದಲ್ಲಿ ರಿಮೋಟ್ ಮುಟ್ಟುವಂತಿಲ್ಲ, ರೋಬೋ ತಾನೇ ಓಡಬೇಕು. ವೆಕ್ಸ್ ಐಕ್ಯೂ ಸ್ಪರ್ಧೆಯ ಮುಖ್ಯ ಆಟ 60 ಸೆಕೆಂಡಿನದು. ಅಲ್ಲಿ ಮಕ್ಕಳೇ ರಿಮೋಟ್ ಹಿಡಿದು ಓಡಿಸುತ್ತಾರೆ, ಎರಡು ತಂಡಗಳು ಜೊತೆಗೂಡಿ ಅಂಕ ಗಳಿಸುತ್ತವೆ. ಒಂದರಲ್ಲಿ ಪ್ರೋಗ್ರಾಮ್ ಬರೆಯುವ ಕೆಲಸ ಜಾಸ್ತಿ, ಇನ್ನೊಂದರಲ್ಲಿ ಓಡಿಸುವ ಅಭ್ಯಾಸ ಜಾಸ್ತಿ. ನಿಮ್ಮ ಮಕ್ಕಳಿಗೆ ಯಾವುದು ಇಷ್ಟ ಅಂತ ಅವರನ್ನೇ ಕೇಳಿ.

ಆರ್ಡುಯಿನೊ, ಅಂದರೆ ಪ್ರೋಗ್ರಾಮ್ ಹಾಕಿ ಮೋಟರ್ ನಡೆಸಬಹುದಾದ ಚಿಕ್ಕ ಎಲೆಕ್ಟ್ರಾನಿಕ್ ಬೋರ್ಡ್, ಒಳ್ಳೆಯದೇ, ಆದರೆ ಈ ವಯಸ್ಸಿನ ಹೊಸ ತಂಡಕ್ಕೆ ಮೊದಲ ಕಿಟ್ ಆಗಿ ನಾನು ಹೇಳುವುದಿಲ್ಲ. ಕಾರಣ ಮೋಟರ್. ಅಗ್ಗದ ಆರ್ಡುಯಿನೊ ಕಾರ್ ಕಿಟ್‌ಗಳಲ್ಲಿ ಬರುವ ಹಳದಿ ಮೋಟರಿಗೆ ತಾನು ಎಷ್ಟು ತಿರುಗಿದೆ ಅಂತ ತಿಳಿಯುವುದೇ ಇಲ್ಲ. ‘ಎರಡು ಸೆಕೆಂಡ್ ಮುಂದೆ ಹೋಗು’ ಅಂತ ಬರೆಯಬೇಕಾಗುತ್ತದೆ. ಬ್ಯಾಟರಿ ತುಂಬಿದ್ದಾಗ ಮುಟ್ಟಿದ ಜಾಗವನ್ನು ಬ್ಯಾಟರಿ ಇಳಿದಾಗ ಮುಟ್ಟುವುದಿಲ್ಲ. ಮಕ್ಕಳು ತಮ್ಮ ಪ್ರೋಗ್ರಾಮ್ ತಪ್ಪು ಅಂದುಕೊಂಡು ಅದನ್ನೇ ತಿದ್ದುತ್ತಾ ಕೂರುತ್ತಾರೆ. ಲೆಗೊ, ವೆಕ್ಸ್ ಐಕ್ಯೂ ಎರಡರ ಮೋಟರ್‌ಗಳೊಳಗೂ ಸುತ್ತು ಎಣಿಸುವ ಎನ್‌ಕೋಡರ್ ಇರುತ್ತದೆ. 56 ಮಿಲಿಮೀಟರ್ ವ್ಯಾಸದ ಚಕ್ರ ಒಂದು ಸುತ್ತಿಗೆ ಸುಮಾರು 17.6 ಸೆಂಟಿಮೀಟರ್ ಹೋಗುತ್ತದೆ, ಎರಡು ಸುತ್ತಿಗೆ 35. ಮಕ್ಕಳು ಮೊದಲು ಲೆಕ್ಕ ಹಾಕಿ, ಆಮೇಲೆ ಓಡಿಸಿ, ಟೇಪ್ ಹಿಡಿದು ಅಳೆದು ನೋಡಲಿ. ಲೆಕ್ಕ ಸರಿಹೋದಾಗ ಅವರ ಮುಖ ನೋಡಬೇಕು!

ಲೆಗೊ ದಾರಿ ಹಿಡಿದರೆ, ಇವಿ3 ನಂತರ ಬಂದ ಲೆಗೊ ರೋಬೋ ಕಿಟ್ ಸ್ಪೈಕ್ ಪ್ರೈಮ್‌ನ ಪೆಟ್ಟಿಗೆಯಲ್ಲಿ ಏನಿದೆ, ಏನಿಲ್ಲ ಅನ್ನೋದನ್ನು ಗಮನಿಸಿ. ಮೂಲ ಕಿಟ್‌ನಲ್ಲಿ ಮೋಟರ್ ಮೂರೇ: ಚಕ್ರಕ್ಕೆ ಎರಡು, ತೋಳಿಗೆ ಒಂದು. ಬಣ್ಣ ಗುರುತಿಸುವ ಸೆನ್ಸರ್ ಕೂಡ ಒಂದೇ. ಸ್ಪರ್ಧೆಯಲ್ಲಿ ನಾಲ್ಕು ಮೋಟರ್‌ವರೆಗೆ ಬಳಸಬಹುದು. ನಾಲ್ಕನೆಯ ಮೋಟರ್ ಮತ್ತು ಎರಡನೆಯ ಬಣ್ಣದ ಸೆನ್ಸರ್ ಬೇರೆಯಾಗಿ ಕೊಳ್ಳುವ ಎಕ್ಸ್‌ಪ್ಯಾನ್ಶನ್ ಸೆಟ್‌ನಲ್ಲಿ ಬರುತ್ತವೆ. ಆ ಎರಡನೆಯ ಸೆನ್ಸರ್ ಸುಮ್ನೆ ಅಲಂಕಾರಕ್ಕಲ್ಲ. ರೋಬೋದ ಮುಂಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಇಟ್ಟರೆ, ಆಟದ ಹಾಸಿನ ಮೇಲಿನ ಕಪ್ಪು ಗೆರೆ ಮೊದಲು ಕಂಡ ಬದಿಯ ಚಕ್ರ ನಿಂತು ಇನ್ನೊಂದನ್ನು ಕಾಯುತ್ತದೆ. ಸೊಟ್ಟಗೆ ಬಂದ ರೋಬೋ ಗೆರೆಗೆ ನೇರವಾಗಿ ನಿಲ್ಲುತ್ತದೆ. ರೋಬೋದ ಮೆದುಳಾದ ಹಬ್‌ನಲ್ಲಿ ಮೋಟರ್, ಸೆನ್ಸರ್ ಚುಚ್ಚಲು ಇರುವ ಆರು ಪೋರ್ಟ್‌ಗಳೂ ಅಲ್ಲಿಗೆ ಭರ್ತಿ.

ಎಂಟು ಮಕ್ಕಳಿಗೆ ಒಂದೇ ಕಿಟ್ ಸಾಲದು. ಇಬ್ಬರು ಕಟ್ಟುತ್ತಾರೆ, ಉಳಿದ ಆರು ಮಂದಿ ನೋಡುತ್ತಾ ನಿಲ್ಲುತ್ತಾರೆ, ಅಲ್ವಾ? ಹಣ ಕಡಿಮೆ ಇದ್ದರೂ ಚಿಕ್ಕ ಕಿಟ್ ಎರಡು ತನ್ನಿ. ಒಂದು ಸ್ಪರ್ಧೆಗೆ ಇರಲಿ, ಇನ್ನೊಂದನ್ನು ಬಿಚ್ಚಿ ಕಟ್ಟಿ ಪ್ರಯೋಗ ಮಾಡಲಿ. ಭಾಗ ಜೋಡಿಸುವ ಪಿನ್, ಚಕ್ರ ಕೂರಿಸುವ ಆಕ್ಸಲ್ ಮೊದಲು ಕಳೆದುಹೋಗುವ ಭಾಗಗಳು, ಹೆಚ್ಚುವರಿ ತಂದಿಡಿ.

ಇವಿ3 ಮಾರಾಟ 2021ರಲ್ಲೇ ನಿಂತಿದೆ. ಬೆಲೆಯಿಲ್ಲದೆ ಸಿಗುವುದಾದರೆ ಖಂಡಿತ ತೆಗೆದುಕೊಳ್ಳಿ, ಆ ಎರಡನೆಯ ಕಿಟ್ ಅದೇ ಆಗಬಹುದು. ಅದರ ಬೀಮ್ (ತೂತಿರುವ ಪಟ್ಟಿ), ಪಿನ್‌ಗಳು ಸ್ಪೈಕ್ ಭಾಗಗಳ ಜೊತೆ ಸರಿಯಾಗಿ ಕೂರುತ್ತವೆ. ಮೋಟರ್, ಸೆನ್ಸರ್‌ಗಳ ಪ್ಲಗ್ ಮಾತ್ರ ಬೇರೆ, ಹೊಸ ಹಬ್‌ಗೆ ಸೇರುವುದಿಲ್ಲ. ತರುವ ಮೊದಲು ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿಸಿ ಅರ್ಧ ಗಂಟೆ ಓಡಿಸಿ ನೋಡಿ. ಪ್ರತಿ ಮೋಟರ್ ಪೋರ್ಟ್‌ಗೂ ಅದೇ ಮೋಟರ್ ಮತ್ತು ಅದೇ ಕೇಬಲ್, ಪ್ರತಿ ಸೆನ್ಸರ್ ಪೋರ್ಟ್‌ಗೂ ಅದೇ ಸೆನ್ಸರ್ ಮತ್ತು ಅದೇ ಕೇಬಲ್ ಹಾಕಿ ಪರೀಕ್ಷಿಸಿ. ಆಗ ಕೆಟ್ಟಿರುವುದು ಪೋರ್ಟೋ ಕೇಬಲ್ಲೋ ಅಲ್ಲೇ ತಿಳಿಯುತ್ತದೆ.