ಮಜ್ದಾ ಆರ್‌ಎಕ್ಸ್-8 ರೋಟರಿ ಎಂಜಿನ್ ಲಕ್ಷ ಕಿಲೋಮೀಟರ್ ದಾಟುತ್ತಾ?

ದಾಟುತ್ತದೆ, ಆದರೆ ಮಾಮೂಲಿ ಕಾರಿನ ಹಾಗೆ ನೋಡಿಕೊಂಡರೆ ಆಗಲ್ಲ. ಈ 1.3 ಲೀಟರ್ ಎಂಜಿನ್ ಆಯಿಲ್ ಕುಡಿಯುತ್ತದೆ. ಅದು ರೋಗ ಅಲ್ಲ, ರೋಟರ್ (ಪಿಸ್ಟನ್ ಬದಲಿಗೆ ಒಳಗೆ ತಿರುಗುವ ತ್ರಿಕೋನದ ಭಾಗ) ತುದಿಯ ಸೀಲ್ ಒಣಗದಿರಲಿ ಅಂತ ಒಂದು ಪಂಪ್ ಬೇಕಂತಲೇ ಒಳಗೆ ಆಯಿಲ್ ಬಿಡುತ್ತಿರುತ್ತದೆ. ಹಾಗಾಗಿ ಎರಡು ಸಲ ಪೆಟ್ರೋಲ್ ಹಾಕಿಸುವಷ್ಟರಲ್ಲಿ ಒಮ್ಮೆಯಾದರೂ ಡಿಪ್‌ಸ್ಟಿಕ್ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ನೋಡಿ.

ತಣ್ಣಗಿರುವಾಗ ಸ್ಟಾರ್ಟ್ ಮಾಡಿ, ಗೇಟಿನಾಚೆ ನಿಲ್ಲಿಸಿ ಆಫ್ ಮಾಡೋದಂತೂ ಬೇಡವೇ ಬೇಡ. ಪ್ಲಗ್ ಪೆಟ್ರೋಲಲ್ಲಿ ನೆನೆದು ಆಮೇಲೆ ಸ್ಟಾರ್ಟೇ ಆಗದೆ ಸತಾಯಿಸುತ್ತದೆ. ಚೆನ್ನಾಗಿ ಬಿಸಿಯಾದ ಮೇಲೆ ಆಗಾಗ ಆರ್‌ಪಿಎಂ ಮೀಟರಿನ ಕೆಂಪು ಗೆರೆ ಹತ್ತಿರದವರೆಗೂ ಎಳೆಯಿರಿ, ಜಾಸ್ತಿ ಮುದ್ದು ಮಾಡಿದರೆ ಒಳಗೆ ಕಾರ್ಬನ್ ಕೂರುತ್ತದೆ. ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್ ಕೆಡುವ ತನಕ ಕಾಯಬೇಡಿ, ಮೊದಲೇ ಬದಲಾಯಿಸಿ. ಕೂಲಂಟ್ ಕಡಿಮೆಯಾಗಿ ಒಂದೇ ಸಲ ಓವರ್‌ಹೀಟ್ ಆದರೂ ಸೀಲ್ ಹೋಗಬಹುದು.