ಆನ್‌ಲೈನ್ ತೂಕ ಇಳಿಕೆ ಕಾರ್ಯಕ್ರಮಕ್ಕೆ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಕಂಪ್ಯೂಟರ್ ಕಟ್ಟುವ ಕೃತಕ ಲೋಕ) ಕೌಶಲ ತರಬೇತಿ ಸೇರಿಸಿಕೊಂಡರೆ ಪ್ರಯೋಜನವಿದೆಯೇ? ಅದನ್ನು ನೋಡಲು ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್‌ಗಳಲ್ಲಿ ಯಾವುದನ್ನು ಕೊಳ್ಳಬೇಕು?
ಮೊದಲು ಸರಾಗವಾಗಿ ಇಳಿದ ತೂಕ ನಡುವೆ ನಿಂತುಬಿಟ್ಟಿದೆ, ಅದಕ್ಕೆ ಕೌಶಲದ ಕೊರತೆಯೇ ಕಾರಣ ಎಂದು ಬರೆದಿದ್ದೀರಿ. ನಾನು ಹೆಡ್‌ಸೆಟ್ ಕೊಂಡದ್ದೂ ಸರಿಯಾಗಿ ಆ ಘಟ್ಟದಲ್ಲಿಯೇ.

ನನ್ನ ಕಾರ್ಯಕ್ರಮದಲ್ಲಿ ವಾರಕ್ಕೊಂದು ಪಾಠ, ತಿಂದದ್ದನ್ನು ದಾಖಲಿಸುವ ದಿನಚರಿ ಮತ್ತು ತರಬೇತುದಾರರ ಪ್ರತಿಕ್ರಿಯೆ ಇದ್ದವು. ಪಾಠಗಳೆಲ್ಲ ಬಾಯಿಪಾಠವಾಗಿದ್ದರೂ ಔತಣಕೂಟದಲ್ಲಿ ಯಾರಾದರೂ ಒತ್ತಾಯ ಮಾಡಿದರೆ ನನ್ನ ನಾಲಿಗೆ ಏಳುತ್ತಿರಲಿಲ್ಲ. ವಿಆರ್ ತರಬೇತಿ ಹುಟ್ಟಿಕೊಂಡಿರುವುದು ಈ ಕೊರತೆಯನ್ನು ತುಂಬಲೆಂದೇ: ಅಡುಗೆಮನೆ, ಕಚೇರಿ, ಔತಣಕೂಟಗಳ ಸನ್ನಿವೇಶವನ್ನು ಕಣ್ಣೆದುರು ಕಟ್ಟಿ, ನಮ್ಮಿಂದ ತೀರ್ಮಾನ ಮಾಡಿಸಿ, ಅದರ ಫಲವನ್ನು ಆಗಲೇ ತೋರಿಸುತ್ತದೆ. 'ಇದು ನನ್ನಿಂದ ಆಗುತ್ತದೆ' ಎಂಬ ನಂಬಿಕೆಗೆ ಸ್ವತಃ ಮಾಡಿ ಗೆದ್ದ ಅನುಭವವೇ ಎಲ್ಲಕ್ಕಿಂತ ಬಲವಾದ ಆಧಾರ ಎಂದು ಮನೋವಿಜ್ಞಾನಿ ಆಲ್ಬರ್ಟ್ ಬಂಡೂರಾ 1977ರಲ್ಲಿಯೇ ವಾದಿಸಿದ್ದರು.

ನಾನು ಎಡವಿದ್ದು ಅಭ್ಯಾಸ ಮಾಡಿದ ರೀತಿಯಲ್ಲಿ. ದೃಶ್ಯದಲ್ಲಿ ಆತಿಥೇಯೆಯೊಬ್ಬಳು ಸಿಹಿಯ ತಟ್ಟೆ ಹಿಡಿದು "ನನಗೋಸ್ಕರ ಒಂದೇ ಒಂದು" ಎನ್ನುತ್ತಾಳೆ. ಪಕ್ಕದಲ್ಲಿ ಆಯ್ಕೆಗೆ ಕೆಲವು ಉತ್ತರಗಳು ತೇಲುತ್ತವೆ. ಸರಿಯುತ್ತರವೇ ಸಾಮಾನ್ಯವಾಗಿ ಎಲ್ಲಕ್ಕಿಂತ ಉದ್ದನೆಯದು ಎಂಬುದು ಬೇಗನೆ ತಿಳಿದುಹೋಯಿತು. ನಾನು ಅದನ್ನು ತುಟಿ ಪಿಟಕ್ಕೆನ್ನದೆ ಒತ್ತುತ್ತಿದ್ದೆ, ಅವಳು ನಗುತ್ತಾ ಹೊರಟುಹೋಗುತ್ತಿದ್ದಳು, ಪೂರ್ಣ ಅಂಕ ಸಿಗುತ್ತಿತ್ತು. ಅಳುಕಿನ ಉತ್ತರ ಆರಿಸಿದವರಿಗೆ ಮಾತ್ರ ಅವಳು ಎರಡನೆಯ ಬಾರಿ, ಮೂರನೆಯ ಬಾರಿ ಒತ್ತಾಯಿಸುವ ಕವಲು ತೆರೆದುಕೊಳ್ಳುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಅಂದರೆ, ಯಾವುದನ್ನು ಕಲಿಯಲು ಅಷ್ಟು ಹಣ ಸುರಿದಿದ್ದೆನೋ ಆ ಭಾಗವನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ನಿಜವಾದ ಔತಣದಲ್ಲಿ ಮೊದಲ ಸಲ ಬೇಡವೆಂದೆ. ಎರಡನೆಯ ಸಲ ಕೇಳಿದಾಗ ತಟ್ಟೆ ನನ್ನ ಕೈಯಲ್ಲಿತ್ತು. ಮೇಲಾಗಿ, ಆ ಅಂಕಗಳನ್ನು ನಂಬಿ ದಿನಚರಿ ಬರೆಯುವುದನ್ನೂ ಬಿಟ್ಟಿದ್ದರಿಂದ, ಇಳಿದಿದ್ದ ತೂಕದಲ್ಲಿ ಬಹುಪಾಲು ಮರಳಿ ಬಂದ ಮೇಲಷ್ಟೇ ನನಗೆ ಅರಿವಾಯಿತು.

ಆಮೇಲೆ ಬೇಕೆಂದೇ ತಪ್ಪು ಉತ್ತರಗಳನ್ನು ಆರಿಸಿ, ಊಟಕ್ಕೆ ಮುಂಚೆ ಹಸಿದಿರುವಾಗಲೇ ಅಭ್ಯಾಸಕ್ಕೆ ಕುಳಿತು, ಉತ್ತರವನ್ನು ಗಟ್ಟಿಯಾಗಿ ಹೇಳತೊಡಗಿದೆ. ಒಬ್ಬನೇ ಕೋಣೆಯಲ್ಲಿ ಕುಳಿತು "ಬೇಡ, ಸಾಕು" ಎಂದು ಕೂಗುವಾಗ ನಾಚಿಕೆಯಾಗುತ್ತಿತ್ತು, ಆದರೆ ಉಪಯೋಗಕ್ಕೆ ಬಂದದ್ದು ಅದೇ.

ಇನ್ನು ನಿಮ್ಮ ಪ್ರಶ್ನೆ. ತೂಕ ನಿಂತದ್ದಕ್ಕೆ ಕೌಶಲದ ಕೊರತೆಯೇ ಕಾರಣವೆಂದು ನೀವು ಹಿಡಿದುಕೊಂಡಿರುವುದನ್ನು ನಾನು ಒಪ್ಪುವುದಿಲ್ಲ. ದೇಹ ಹಗುರವಾದಂತೆ ಅದಕ್ಕೆ ಬೇಕಾದ ಶಕ್ತಿಯೂ ಕಡಿಮೆಯಾಗುವುದರಿಂದ, ಹಿಂದೆ ತೂಕ ಇಳಿಸುತ್ತಿದ್ದ ಊಟವೇ ಈಗ ಅದನ್ನು ಇದ್ದಲ್ಲಿಯೇ ನಿಲ್ಲಿಸುತ್ತದೆ. ಮೊದಲು ತರಬೇತುದಾರರಿಂದ ಕ್ಯಾಲೊರಿಯ ಗುರಿಯನ್ನು ಹೊಸದಾಗಿ ಲೆಕ್ಕ ಹಾಕಿಸಿ. 2001ರಲ್ಲಿ ಡೆಬೊರಾ ಟೇಟ್, ರೀನಾ ವಿಂಗ್ ಮತ್ತು ಸಂಗಡಿಗರು 91 ಜನರ ಮೇಲೆ ನಡೆಸಿ ಪ್ರಕಟಿಸಿದ ಅಧ್ಯಯನದಲ್ಲಿ, ಅಂತರ್ಜಾಲದ ಮಾಹಿತಿಯ ಕೊಂಡಿಗಳನ್ನಷ್ಟೇ ಪಡೆದವರು ಆರು ತಿಂಗಳಲ್ಲಿ ಸರಾಸರಿ 1.6 ಕಿಲೋ ಇಳಿದರೆ, ವಾರದ ಪಾಠ, ದಿನಚರಿ ಮತ್ತು ಇಮೇಲ್ ಪ್ರತಿಕ್ರಿಯೆಗಳನ್ನೂ ಪಡೆದವರು 4.1 ಕಿಲೋ ಇಳಿದರು. ಅದರಲ್ಲಿ ವಿಆರ್ ಇರಲೇ ಇಲ್ಲ. ಆದ್ದರಿಂದ ದಿನಚರಿಯನ್ನು ಇನ್ನೊಬ್ಬರು ಓದಿ ಉತ್ತರಿಸುವ ವ್ಯವಸ್ಥೆ ನಿಮ್ಮಲ್ಲಿ ಇಲ್ಲದಿದ್ದರೆ ಹಣವನ್ನು ಅದಕ್ಕೆ ಕೊಡಿ.

ಅಷ್ಟಾದ ಮೇಲೂ ಒತ್ತಾಯದ ಮುಂದೆ ಸೋಲುತ್ತಿದ್ದೀರಿ ಎಂದಾದರೆ ಮಾತ್ರ ಈ ತರಬೇತಿ ಬೇಕು, ಅದಕ್ಕೂ ಹೆಡ್‌ಸೆಟ್ ಅನಿವಾರ್ಯವಲ್ಲ. 2003ರಲ್ಲಿ ಬಂದ ಸೆಕೆಂಡ್ ಲೈಫ್ ಎಂಬ ವರ್ಚುವಲ್ ಲೋಕ ಸಾಧಾರಣ ಕಂಪ್ಯೂಟರ್ ಪರದೆಯ ಮೇಲೆಯೇ ನಡೆಯುತ್ತಿತ್ತು, ತೂಕ ಇಳಿಕೆಯ ತರಗತಿಗಳನ್ನು ಸಂಶೋಧಕರು ಅದರೊಳಗೂ ನಡೆಸಿ ನೋಡಿದ್ದಾರೆ. ಹೆಡ್‌ಸೆಟ್ಟೇ ಬೇಕೆಂದರೆ ಯಾರಿಂದಾದರೂ ಎರವಲು ತಂದು, ತಲೆ ಸುತ್ತುತ್ತದೆಯೇ ಎಂದು ನೋಡಿಕೊಳ್ಳಿ. ತರಬೇತಿಗೆ ಹಣ ಕಟ್ಟುವ ಮೊದಲು ಅದರ ಮಾದರಿ ದೃಶ್ಯವೊಂದರಲ್ಲಿ ಬೇಕೆಂದೇ ತಪ್ಪು ಉತ್ತರ ಕೊಡಿ. ಎದುರಿನ ಪಾತ್ರ ಮತ್ತೆ ಒತ್ತಾಯಿಸದೆ ಸುಮ್ಮನೆ ಅಂಕ ಕಳೆದು ಮುಂದೆ ಹೋದರೆ ಅದನ್ನು ಕೊಳ್ಳಬೇಡಿ.